ಗುಡಿಸದ ನೆಲ

"ಅಜ್ಜಾರ, ಸತ್ತವರ ಹಾದಿ ಎಷ್ಟ ದಿನಾ ಕಾಯಬೇಕ್ರಿ?"

ಮಲ್ಲೇಶಿ ಹೀಗೆ ಕೇಳಿದ. ಅವನು ಸೈನಿಕ. ಹೆಲಿಕಾಪ್ಟರ್ ಬಿದ್ದು ಅವನ ತುಕಡಿಯ ಗೆಳೆಯರು ತೀರಿಕೊಂಡಿದ್ದರು. ಅಂತ್ಯಕ್ರಿಯೆ ಮುಗಿದ ಮೇಲೆ ಅವನಿಗೆ ರಜೆ ಕೊಟ್ಟರು. ಹೊರಟಿದ್ದೇನೆ ಎಂದು ಅವ್ವನಿಗೆ ಫೋನಿನಲ್ಲಿ ಹೇಳಿದ. ಆದರೆ ರೈಲು ಇಳಿದವನು ಊರಿಗೆ ಹೋಗಲಿಲ್ಲ. ಮೊಬೈಲು ಬಂದ್ ಮಾಡಿ ಟ್ರಂಕಿನ ತಳಕ್ಕೆ ಹಾಕಿ, ಟ್ರಂಕು ಹೊತ್ತುಕೊಂಡು ಮಠಕ್ಕೆ ಬಂದ. ಬಂದಾಗಿನಿಂದ ದಾಸೋಹದ ಪಾತ್ರೆ ತಿಕ್ಕುವುದೊಂದೇ ಕೆಲಸ. ಯಾರ ಜೊತೆಗೂ ಮಾತಿಲ್ಲ. ಮಠದ ಅಜ್ಜನವರು ಅವನಿಗೆ ಚಿಕ್ಕಂದಿನಿಂದ ಗುರುಗಳು. ಅವರೂ ತಾವಾಗಿ ಏನೂ ಕೇಳಿರಲಿಲ್ಲ.

"ಯಾಕ, ಕಾದು ಕಾದು ಬ್ಯಾಸರಾತೇನು?" ಎಂದರು ಅಜ್ಜ.

"ಬ್ಯಾಸರಲ್ರಿ. ಊರಿಗೆ ಹೋದ್ರ ಅವ್ವ ಹೋಳಿಗಿ ಮಾಡ್ತಾಳ. ಮಂದಿ ಬಂದು ಮಾತಾಡಸ್ತಾರ. ನಾನೂ ನಗಬೇಕಾಗತೈತಿ. ನಾ ನಕ್ಕೆ ಅಂದ್ರ, ನನ್ನ ಗೆಳ್ಯಾರು ಖರೇನ ಹೋದಂಗ ಆಗತೈತ್ರಿ."

"ಕುಂದ್ರು. ಪಾತ್ರಿ ಎಲ್ಲೂ ಓಡಿ ಹೋಗಾಂಗಿಲ್ಲ. ನೀ ತಿಕ್ಕೂದು ನೋಡಿದ್ರ ಅವಕ್ಕ ತೂತು ಬೀಳೂದೊಂದು ಬಾಕಿ ಐತಿ."

ಮಲ್ಲೇಶಿ ಕೂತ. ಅಜ್ಜ ಕತೆ ಹೇಳಿದರು.

ಹಿಮದ ಬೆಟ್ಟದ ನೆತ್ತಿಯ ಮೇಲೆ ಒಂದು ಕಾವಲು ಠಾಣೆ ಇತ್ತು. ರಸ್ತೆ ಇರಲಿಲ್ಲ. ಹೋಗುವುದಕ್ಕೂ ಬರುವುದಕ್ಕೂ ಹೆಲಿಕಾಪ್ಟರ್ ಒಂದೇ ದಾರಿ. ಅಲ್ಲಿ ಒಬ್ಬ ಸೈನಿಕನಿದ್ದ. ಜೊತೆಗೆ ಇನ್ನೂ ಕೆಲವರು. ಒಂದೇ ಬಂಕರು, ಒಂದೇ ಒಲೆ. ಕಾಲು ಚಾಚಿದರೆ ಪಕ್ಕದವನ ತಲೆದಿಂಬಿಗೆ ತಾಗುವಷ್ಟೇ ಜಾಗ. ಹೀಗೆ ಬದುಕಿದವರು ಅಣ್ಣತಮ್ಮಂದಿರಿಗಿಂತ ಹತ್ತಿರವಾಗುತ್ತಾರೆ. ಅಣ್ಣತಮ್ಮಂದಿರಿಗಾದರೆ ಜಗಳಾಡಲು ಹೊಲವಾದರೂ ಇರುತ್ತದೆ. ಇವರಿಗೆ ಅದೂ ಇರಲಿಲ್ಲ.

ಅವರಲ್ಲಿ ಹಿರಿಯನೊಬ್ಬ ತನ್ನ ಮನೆಯ ರೂಢಿಯನ್ನು ಠಾಣೆಗೆ ತಂದಿದ್ದ. ಯಾರಾದರೂ ಪ್ರಯಾಣ ಹೊರಟರೆ, ಅವರು ಸುಖವಾಗಿ ಮುಟ್ಟಿದ ಸುದ್ದಿ ಬರುವವರೆಗೆ ನೆಲ ಗುಡಿಸಬಾರದು. ಬೆನ್ನಿಗೇ ಗುಡಿಸುವುದು ಹೆಣ ಹೊರಟ ಮನೆಯಲ್ಲಿ ಮಾತ್ರ. ಉಳಿದವರು ಮೊದಲು ನಕ್ಕರು. ಬಂದೂಕು ಹಿಡಿದವನು ಕಸಬರಿಗೆಗೆ ಹೆದರುತ್ತಾನೆ ಎಂದು ಅವನ ಕಾಲೆಳೆದರು. ಆದರೆ ಗಾಳಿಯ ಮುಂದೆ, ಮೋಡದ ಮುಂದೆ ಬಂದೂಕಿನ ಆಟ ನಡೆಯುವುದಿಲ್ಲ. ಬರುಬರುತ್ತ ಎಲ್ಲರೂ ಆ ರೂಢಿಗೆ ಬಿದ್ದರು. ಹೆಲಿಕಾಪ್ಟರ್ ಹತ್ತಿ ಯಾರೇ ಇಳಿದು ಹೋಗಲಿ, ಕೆಳಗಿನ ನೆಲೆಯಿಂದ ವೈರ್‌ಲೆಸ್ಸಿನಲ್ಲಿ 'ಮುಟ್ಟಿದರು' ಎಂಬ ಮಾತು ಬರಬೇಕು. ಆಮೇಲೆಯೇ ಕಸಬರಿಗೆ.

ಒಂದು ದಿನ ಆ ಹಿರಿಯನಿಗೂ ಇನ್ನು ಕೆಲವರಿಗೂ ರಜೆಯ ಸರದಿ ಬಂತು. ಸೈನಿಕನ ಸರದಿ ಇನ್ನೂ ದೂರವಿತ್ತು. ಹೋಗುವವರು ಒಬ್ಬರ ಕೂದಲನ್ನು ಒಬ್ಬರು ಕತ್ತರಿಸಿದರು. ಹೆಂಡತಿ ಗುರುತು ಹಿಡಿಯುತ್ತಾಳೋ ಇಲ್ಲವೋ ಎಂದು ತಮಾಷೆ ಮಾಡಿಕೊಂಡರು. ಒಲೆಯ ಸುತ್ತ ಕೂತು ಶೇಂಗಾ ಹುರಿದು ತಿಂದರು. ಸಿಪ್ಪೆಯನ್ನು ಅಲ್ಲೇ ಬಿಟ್ಟು ಎದ್ದರು. ಹೇಗೂ ಗುಡಿಸಲು ಇವನಿದ್ದಾನಲ್ಲ ಎಂದು ಹಿರಿಯನು ಸೈನಿಕನ ಬೆನ್ನು ತಟ್ಟಿದ. ಹೆಲಿಕಾಪ್ಟರ್ ಏರಿತು.

ಸೈನಿಕ ಕಸಬರಿಗೆ ಹಿಡಿದು ವೈರ್‌ಲೆಸ್ಸಿನ ಪಕ್ಕ ನಿಂತ. ತುಂಬ ಹೊತ್ತು ನಿಂತ. ಕೊನೆಗೆ ಸುದ್ದಿ ಬಂತು, ಆದರೆ ಕಾಯುತ್ತಿದ್ದ ಸುದ್ದಿ ಅಲ್ಲ. ಮೋಡದೊಳಗೆ ದಾರಿ ಕಾಣದೆ ಹೆಲಿಕಾಪ್ಟರ್ ಬೆಟ್ಟಕ್ಕೆ ಬಡಿದಿತ್ತು. ಯಾರೂ ಬದುಕಿರಲಿಲ್ಲ.

ಅವನು ಕಸಬರಿಗೆಯನ್ನು ಗೋಡೆಗೆ ಒರಗಿಸಿದ. ಇದನ್ನು ಯಾರೂ ಮುಟ್ಟಬೇಡಿ ಎಂದ.

ಅವನಿಗೆ ಬುದ್ಧಿ ಕೆಟ್ಟಿರಲಿಲ್ಲ. ಗೆಳೆಯರು ಸತ್ತಿದ್ದಾರೆಂದು ಚೆನ್ನಾಗಿಯೇ ಗೊತ್ತಿತ್ತು. ಆದರೆ 'ಮುಟ್ಟಿದರು' ಎಂಬ ಮಾತು ಬಂದಿಲ್ಲ, ಹಾಗಾಗಿ ಗುಡಿಸುವಂತಿಲ್ಲ. ಈಗ ಗುಡಿಸಿದರೆ ತಾನೇ ಅವರ ಹೆಣ ಕಳಿಸಿಕೊಟ್ಟಂತೆ ಎಂದು ಅವನ ಮನಸ್ಸು ಹಟ ಹಿಡಿಯಿತು. ಶೇಂಗಾ ಸಿಪ್ಪೆ ಬಿದ್ದಲ್ಲೇ ಇತ್ತು. ಕತ್ತರಿಸಿದ ಕೂದಲು ಬಿದ್ದಲ್ಲೇ ಇತ್ತು. ಅವರ ಹಾಸಿಗೆಗಳನ್ನೂ ಅವನು ಮಡಚಲಿಲ್ಲ. ಗೋಡೆಯಂಚು ಹಿಡಿದು ಸಿಪ್ಪೆ ತುಳಿಯದಂತೆ ಓಡಾಡಿದ. ಉಳಿದವರೂ ಅವನ ಮುಖ ನೋಡಿ ಹಾಗೆಯೇ ಓಡಾಡಿದರು.

ಹಿರಿಯನಿಗೆ ಜೋರು ಗೊರಕೆಯ ಅಭ್ಯಾಸವಿತ್ತು. ಬದುಕಿದ್ದಾಗ ಆ ಗೊರಕೆಗೆ ಸೈನಿಕ ಹಾಕಿದ ಬೈಗುಳಕ್ಕೆ ಲೆಕ್ಕವಿಲ್ಲ. ಈಗ ಅದು ಕೇಳದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಚಹಾ ಕಾಸಿದರೆ ನೀರು ಹೆಚ್ಚಾಗುತ್ತಿತ್ತು. ಮಾತಿನ ನಡುವೆ ಅವರಲ್ಲೊಬ್ಬನ ಹೆಸರು ಹಿಡಿದು ಕರೆದುಬಿಡುತ್ತಿದ್ದ. ಅವರು ಅವನಿಗೆ ಬೇಕಾಗಿದ್ದರು. ಅದಕ್ಕಿಂತ ಹೆಚ್ಚಿನ ಮಾತು ಅದರಲ್ಲಿ ಏನೂ ಇಲ್ಲ.

ಠಾಣೆಯ ಅಧಿಕಾರಿ ಒಳ್ಳೆಯವನು. ಕೆಲವು ದಿನ ನೋಡಿಯೂ ನೋಡದಂತೆ ಇದ್ದ. ಹೊಸ ಸೈನಿಕರು ಬರುತ್ತಿದ್ದಾರೆಂದು ತಿಳಿದ ದಿನ ಅವನನ್ನು ಕರೆದ.

"ನೆಲ ಗುಡಿಸು. ಹಾಸಿಗೆ ತೆರವು ಮಾಡು. ಬರುವವರು ಎಲ್ಲಿ ಮಲಗಬೇಕು?"

"ಸಾಹೇಬರೇ, ಇನ್ನೂ ಸುದ್ದಿ ಬಂದಿಲ್ಲ," ಎಂದ ಸೈನಿಕ.

ಅಧಿಕಾರಿಗೆ ಸಿಟ್ಟು ಬಂತು. ಬಯ್ಯಲು ಬಾಯಿ ತೆರೆದ. ಆದರೆ ಬಯ್ಯಲು ಆಗಲಿಲ್ಲ, ಏಕೆಂದರೆ ಅವನಿಗೂ ಅಳು ಬಂತು.

ಹೆಲಿಕಾಪ್ಟರ್ ಬಂತು. ಹೊಸಬರನ್ನು ಇಳಿಸಿ, ಮೋಡ ಕವಿಯುವ ಮೊದಲೇ ಹಿಂದಿರುಗಿತು. ಗಾಳಿ ಎದ್ದಿತ್ತು, ಹಿಮ ಬೀಳತೊಡಗಿತ್ತು. ಹೊರಗೆ ನಿಂತರೆ ಕೈಬೆರಳು ಕೊಳೆತು ಹೋಗುವಂಥ ಚಳಿ. ಹೊಸಬರು ಹೊರೆ ಹೊತ್ತುಕೊಂಡು ಬಂಕರಿನ ಬಾಗಿಲಿಗೆ ಬಂದರು. ಸೈನಿಕ ಬಾಗಿಲಿಗೆ ಅಡ್ಡ ನಿಂತಿದ್ದ. ಅವರು ನಡುಗುವುದು ಅವನಿಗೆ ಕಾಣುತ್ತಿತ್ತು. ಅವರ ಬೂಟುಗಳೂ ಕಾಣುತ್ತಿದ್ದವು. ದಾರಿ ಬಿಡಲು ಅವನಿಂದ ಆಗಲಿಲ್ಲ.

ಮುಂದಿದ್ದ ಹೊಸಬ ಅವನ ಹೆಗಲ ಮೇಲಿಂದ ಒಳಗೆ ನೋಡಿದ. ಸಿಪ್ಪೆ ನೋಡಿದ, ಕೂದಲು ನೋಡಿದ, ಗೋಡೆಗೆ ಒರಗಿದ ಕಸಬರಿಗೆ ನೋಡಿದ. ಹೊಸ್ತಿಲಿಗೆ ಇಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

"ಯಾರೋ ಪ್ರಯಾಣ ಹೋಗಿದ್ದಾರೆ ಅಲ್ಲವೇ ಅಣ್ಣಾ?" ಎಂದ. "ಹಾಗಾದರೆ ನಾವು ಹೊರಗೇ ಇರುತ್ತೇವೆ. ನಮ್ಮ ಮನೆಯಲ್ಲೂ ಇವತ್ತಿನವರೆಗೆ ಗುಡಿಸಿಲ್ಲ."

"ನಿಮ್ಮ ಮನೆಯಿಂದ ಯಾರು ಹೋಗಿದ್ದಾರೆ?"

"ನಾನೇ. ಹೆಲಿಕಾಪ್ಟರ್ ಬಿದ್ದದ್ದು ಊರಿಗೆಲ್ಲ ಗೊತ್ತು. ನಮ್ಮ ತಾಯಿ ಅನ್ನ ನೀರು ಬಿಟ್ಟು ಕೂತಿರುತ್ತಾಳೆ."

ಸೈನಿಕ ಬಾಗಿಲು ಬಿಟ್ಟು ಸರಿದ. ನೆಲದ ನಡುವೆಯೇ ನಡೆದ. ಅವನ ಕಾಲಡಿ ಸಿಪ್ಪೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ವೈರ್‌ಲೆಸ್ಸಿನ ಮುಂದೆ ಕೂತು ಹೊಸಬರ ಹೆಸರನ್ನು ಒಂದೊಂದಾಗಿ ಕೇಳಿ ಕೇಳಿ ಕೆಳಗೆ ಹೇಳಿದ. ಪ್ರತಿ ಹೆಸರಿನ ಮುಂದೆ 'ಮುಟ್ಟಿದ್ದಾನೆ' ಎಂದ. ಅಷ್ಟು ದಿನ ಕೇಳಲು ಹಂಬಲಿಸಿದ ಮಾತನ್ನು ಅವನ ಬಾಯಿಯೇ ಹೇಳುತ್ತಿತ್ತು. ಇವರ ಮನೆಗಳಿಗೆಲ್ಲ ಈಗಲೇ ತಿಳಿಸಿ, ತಡ ಮಾಡಬೇಡಿ ಎಂದೂ ಹೇಳಿದ. ತಿಳಿಸಿದೆವು ಎಂಬ ಉತ್ತರ ಬರುವವರೆಗೆ ಅಲ್ಲಿಂದ ಏಳಲಿಲ್ಲ.

ಆಮೇಲೆ ಎದ್ದು ಕಸಬರಿಗೆ ಹಿಡಿದ. ಅಳುತ್ತಲೇ ಗುಡಿಸಿದ. ಹೊಸಬರು ಸಹಾಯಕ್ಕೆ ಬಂದರು. ಬೇಡ ಎಂದ. ಗುಡಿಸಿ ಮುಗಿಸಿ, ಹಾಸಿಗೆ ಕೊಡವಿ ಹಾಸಿ, ಅವರನ್ನು ಒಳಗೆ ಕರೆದ.

ಅಜ್ಜ ಕತೆ ಮುಗಿಸಿದರು. ಮಲ್ಲೇಶಿ ತಲೆ ತಗ್ಗಿಸಿಕೊಂಡೇ ಕೇಳಿದ.

"ಆ ಕಸಾ ಏನ್ ಮಾಡಿದನ್ರಿ?"

"ಕಸಾ ಏನ್ ಮಾಡ್ತಾರೋ, ಹುಚ್ಚಾ? ಹೊರಗ ಚೆಲ್ಲಿದ. ಗಾಳಿ ಒಯ್ತು."

"ಅಂದ್ರ ಅವರನ್ನ ಮರತನೇನ್ರಿ?"

"ಎಲ್ಲಿ ಮರೀತಾನ! ಹೆಲಿಕಾಪ್ಟರ್ ಸಪ್ಪಳ ಕೇಳಿದ್ರ ಇವತ್ತಿಗೂ ಅವನ ಕೈಯಾಗಿನ ತುತ್ತು ಕೈಯಾಗ ಉಳೀತೈತಿ. ಅದು ಹೋಗಾಂಗಿಲ್ಲ. ಹೋಗೂದೂ ಬ್ಯಾಡ."

"ಹಂಗಾರ ನಾನೂ ಕಾಯತೀನ್ರಿ, ಇಲ್ಲೇ."

ಅಜ್ಜ ಅವನ ಮುಖವನ್ನು ನೇರವಾಗಿ ನೋಡಿದರು.

"ಅವರ ಸುದ್ದಿ ಇನ್ನ ಬರಾಂಗಿಲ್ಲ ಮಲ್ಲೇಶಿ, ನಿಮ್ಮವ್ವಗ ನಿನ್ನ ಸುದ್ದಿ ಯಾಕ ಹೋಗಿಲ್ಲ?"