ಗದರಿದವರೇ ಸಾಹೇಬರು

ಅಣು ವಿದ್ಯುತ್ ಸ್ಥಾವರದ ಕಾವಲು ಎಷ್ಟು ಗಟ್ಟಿ ಎಂದು ಪರೀಕ್ಷಿಸಲು ಆ ಸಂಜೆ ಅಧಿಕಾರಿಯೊಬ್ಬರು ಬರುವವರಿದ್ದರು. ಗೇಟು ಕಾಯುವ ನಾಯಿ ಕಾದು ನಿಂತಿತ್ತು. ಮೊದಲು ಹೆಗ್ಗಣ ಬಂತು.

"ಏನಯ್ಯಾ, ಬಾಲ ಹೀಗಾ ಇಟ್ಟುಕೊಳ್ಳೋದು? ನಿನ್ನ ಮೇಲಿನವರು ಯಾರು?" ಎಂದು ಗದರಿತು.

ನಾಯಿ ಬಾಲ ನೆಟ್ಟಗೆ ಮಾಡಿ, ಸೆಲ್ಯೂಟ್ ಹೊಡೆದು, ಗೇಟು ತೆರೆಯಿತು.

ಆಮೇಲೆ ಮುಂಗುಸಿ ಬಂತು. "ನಮಸ್ಕಾರ. ಕಾವಲು ಪರೀಕ್ಷಿಸಲು ಬಂದಿದ್ದೇನೆ. ದಯವಿಟ್ಟು ನನ್ನ ಗುರುತಿನ ಚೀಟಿ ನೋಡಿ" ಎಂದಿತು.

ನಾಯಿ ಗುರ್ರೆಂದಿತು. "ಇಷ್ಟು ಮರ್ಯಾದೆಯಿಂದ ಮಾತಾಡುವ ಅಧಿಕಾರಿಯನ್ನು ನಾನು ಕಂಡಿಲ್ಲ. ನಿಜವಾದ ಸಾಹೇಬರು ಆಗಲೇ ಒಳಗಿದ್ದಾರೆ. ಒಂದೊಂದೇ ವೈರು ಕಚ್ಚಿ ನೋಡುತ್ತಿದ್ದಾರೆ."

ಅಷ್ಟರಲ್ಲಿ ಸ್ಥಾವರದ ದೀಪಗಳೆಲ್ಲ ಒಟ್ಟಿಗೇ ಆರಿದವು.

"ನೋಡಿದೆಯಾ, ಎಷ್ಟು ಕಟ್ಟುನಿಟ್ಟು" ಎಂದು ನಾಯಿ ಕತ್ತಲಲ್ಲೇ ಮತ್ತೊಂದು ಸೆಲ್ಯೂಟ್ ಹೊಡೆಯಿತು.