ಜವರ ಬಾಲವಾಡಿ ಕಾಯ್ದ ಕತೆ

ಕೂತಿರಾ? ಕಾಲು ಚಾಚಿದವರು ಮಡಚಿಕೊಳ್ಳಿ, ಆಕಳಿಸುವವರು ಈಗಲೇ ಆಕಳಿಸಿಬಿಡಿ. ಕತೆ ಹೊರಟಿತು, ಅರ್ಧದಲ್ಲಿ ನಿಲ್ಲಿಸುವುದಿಲ್ಲ.

ಕೆಂಪಾಜಮ್ಮನಿಗೆ ಒಬ್ಬನೇ ಮಗ, ಹೆಸರು ಜವರ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ದಾರಿಯಲ್ಲೆಲ್ಲೋ ಕೂತುಬಿಟ್ಟಿತ್ತು. ಹೇಳಿದ್ದನ್ನು ಮಾಡುವುದಿಲ್ಲ ಎಂದು ಅವನನ್ನು ಯಾರೂ ಬೈಯುವಂತಿರಲಿಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ, ಅದೇ ತಾಪತ್ರಯ! "ಹಾಲು ಉಕ್ತದಾ ನೋಡ್ಲಾ" ಎಂದರೆ, ಉಕ್ಕಿ ಒಲೆಯೆಲ್ಲ ತೊಯ್ಯುವವರೆಗೂ ನೋಡಿ, "ಹೂಂ ಕಣವ್ವ, ಉಕ್ತು" ಎನ್ನುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಕೆಂಪಾಜಮ್ಮನಿಗೆ ಮುದ್ದೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಕೆಂಪಾಜಮ್ಮ ನಮ್ಮ ಕೊಪ್ಪಲಿನ ಬಾಲವಾಡಿ ಟೀಚರು. ತಿಂಗಳಿಗೊಮ್ಮೆ ಸುತ್ತಲಿನ ಬಾಲವಾಡಿಯವರೆಲ್ಲ ಒಂದು ಕಡೆ ಸೇರುವರು. "ನಮ್ಮಲ್ಲೊಂದು ಕೂಸು ಕಚ್ತಿತ್ತು, ಹಿಂಗ್ ಮಾಡ್ದೆ, ಬಿಡ್ತು." "ನಮ್ಮಲ್ಲೊಂದು ಉಣ್ತಿರ್ಲಿಲ್ಲ, ಹಂಗ್ ಮಾಡ್ದೆ, ಉಂಡ್ತು." ಹೀಗೆ ಒಬ್ಬರಿಗೊಬ್ಬರು ಹೇಳಿಕೊಟ್ಟ ಬುದ್ಧಿಮಾತನ್ನೆಲ್ಲ ಅವಳು ಸೆರಗಿಗೆ ಗಂಟು ಹಾಕಿಕೊಂಡು ಬರುವಳು. ಕೊಪ್ಪಲಿನ ಮಕ್ಕಳೆಲ್ಲ ಅರಳು ಹುರಿದಂತೆ ಮಾತಾಡುತ್ತಿದ್ದವು. ಮನೆಯದೊಂದು ಮಾತ್ರ ಹೀಗೆ!

ಇಂಥವಳು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಅದೇ ವಾರ ಆಫೀಸಿನಿಂದ ಸುದ್ದಿ ಬಂತು: ಮೇಲ್ವಿಚಾರಕಿ ವಿಮಲಾಕ್ಷಮ್ಮ ನೋಡಲು ಬರುತ್ತಾರೆ, ಬಾಗಿಲು ಹಾಕಿದ್ದರೆ ಈ ಬಾಲವಾಡಿಯನ್ನೇ ಎತ್ತಿ ಹೆದ್ದಾರಿಯಾಚೆಯ ಊರಿನದಕ್ಕೆ ಸೇರಿಸಿಬಿಡುತ್ತಾರೆ. ಹೆದ್ದಾರಿ ಎಂದರೆ ಲಾರಿಗಳು ಒಂದರ ಬಾಲ ಒಂದು ಹಿಡಿದು ಓಡುವ ಹೆದ್ದಾರಿ. ಇನ್ನೂ ಚಡ್ಡಿ ಜಾರುವ ಕೂಸುಗಳು ದಿನಾ ಅದನ್ನು ದಾಟಬೇಕು! ನೆನೆದರೆ ಕೆಂಪಾಜಮ್ಮನಿಗೆ ಮುರಿದ ಕಾಲಿಗಿಂತ ಹೊಟ್ಟೆಯೇ ಹೆಚ್ಚು ನೋಯುತ್ತಿತ್ತು. ಅಡುಗೆಯ ಸಾಕಮ್ಮ ಒಲೆ ಬಿಟ್ಟು ಏಳುವಂತಿಲ್ಲ. ಬೇರೆ ಯಾರೂ ಸಿಗಲಿಲ್ಲ. ಉಳಿದವನು ಜವರ.

"ನೋಡ್ಲಾ ಜವರ, ಮಕ್ಕಳ ಮುಂದೆ ಕಂಬ ನಿಂತಂಗೆ ನಿಂತ್ಕಂಡು ಮಾತಾಡ್ಬ್ಯಾಡ. ಯಾರ ತಾವ ಮಾತಾಡಿದ್ರೂ ಔರ ಎತ್ತರಕ್ಕೆ ಹೋಗಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ಬೇಕು. ತಿಳೀತಾ?"

"ತಿಳೀತು ಕಣವ್ವ, ಹಂಗೇ ಮಾಡ್ತೀನಿ!"

ಹಂಗೇ ಮಾಡಿದ. ಬೆಳಗೆಲ್ಲ ಮಕ್ಕಳ ಮುಂದೆ ಕುಕ್ಕರಗಾಲಲ್ಲಿ ಕೂತ, ಕಪ್ಪೆಯ ಹಾಗೆ ಕೂತಲ್ಲಿಂದಲೇ ಕುಪ್ಪಳಿಸಿದ. ಮಕ್ಕಳಿಗೆ ಹಬ್ಬ. ಅಷ್ಟರಲ್ಲಿ ಪಕ್ಕದ ತೆಂಗಿನ ಮರದ ತುದಿಯಿಂದ ಯಾರೋ ಕೂಗಿದರು. ನೋಡಿದರೆ ಚೌಡಪ್ಪ, ಕಾಯಿ ಕೀಳಲು ಹತ್ತಿದ್ದವನು.

"ಲೋ ಜವರಾ! ನನ್ ಮಗಳು ಗೌರಿ ಬಂದವ್ಳೇನ್ಲಾ?"

ಜವರ ಬಾಯಿ ತೆರೆದ. ಅವ್ವನ ಮಾತು ನೆನಪಾಯಿತು. ಬಾಯಿ ಮುಚ್ಚಿದ. ಪಂಚೆ ಎತ್ತಿ ಕಟ್ಟಿದ, ಮರಕ್ಕೆ ಕೈ ಹಾಕಿದ.

"ಯಾಕ್ಲಾ ಹತ್ತೀಯೆ? ಅಲ್ಲಿಂದ್ಲೇ ಹೇಳ್ಲಾ!"

ಜವರ ಮಾತಾಡಲಿಲ್ಲ, ಹತ್ತಿದ. ತೊಡೆ ತರಚಿತು, ಹತ್ತಿದ. ಪಂಚೆ ಹರಿಯಿತು, ಹತ್ತಿದ. ತುದಿ ತಲುಪಿ, ಚೌಡಪ್ಪನ ಮೂಗಿಗೆ ಮೂಗು ತಾಗಿಸಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ:

"ಹೂಂ. ಬಂದವ್ಳೆ."

ಹತ್ತಿದ್ದೇನೋ ಹತ್ತಿದ, ಇಳಿಯಲು ಬರಲಿಲ್ಲ. ಮೇಲೆ ಜವರ "ಅವ್ವಾ!" ಎಂದು ಅತ್ತ. ಅವನನ್ನು ನೋಡಿ ಕೆಳಗೆ ಮಕ್ಕಳೆಲ್ಲ "ಅವ್ವಾ!" ಎಂದು ಅತ್ತವು. ಹಗ್ಗ ಕಟ್ಟಿ ಇಳಿಸುವ ಹೊತ್ತಿಗೆ ಕೊಪ್ಪಲಿಗೆ ಕೊಪ್ಪಲೇ ಮರದ ಕೆಳಗಿತ್ತು.

"ಅಯ್ಯೋ ನನ್ ಹೊಟ್ಟೇಲಿ ಹುಟ್ಟಿದ ಬೀಸೋ ಕಲ್ಲೇ!" ಮನೆಯಲ್ಲಿ ಮಂಚದ ಮೇಲೆ ಕೂತೇ ಕೆಂಪಾಜಮ್ಮ ಹಣೆ ಚಚ್ಚಿಕೊಂಡಳು. "ಮಕ್ಕಳ ಮುಂದೆ ನೀನೇ ಅಳ್ತೀಯಾ? ಯಾರಾದ್ರೂ ಅತ್ರೆ ಔರ ಗಮನ ಬ್ಯಾರೆ ಕಡೆ ತಿರುಗಿಸ್ಬೇಕು ಕಣ್ಲಾ! ಚಪ್ಪಾಳೆ ತಟ್ಟು, ಕುಣಿ, ಅಗೋ ಕಾಗೆ ನೋಡು, ಅಗೋ ಎಮ್ಮೆ ನೋಡು ಅನ್ನು. ಅಳು ತಾನಾಗೇ ನಿಲ್ತದೆ."

"ಸರಿ ಕಣವ್ವ, ಹಂಗೇ ಮಾಡ್ತೀನಿ!"

ಮರುದಿನ ನೋಡಿ, ಒಂದು ಮಗುವಾದರೂ ಅಳಬೇಕಲ್ಲ! ಅಳುವವರಿಗಾಗಿ ಕಾದು ಕಾದು ಜವರ ಬೇಸತ್ತ. ಮಧ್ಯಾಹ್ನ ಎದುರು ಮನೆಯ ಮುಂದೆ ಅಳು ಎದ್ದಿತು. ನಿಂಗೇಗೌಡರ ಮಗಳನ್ನು ಕಾರು ಹತ್ತಿಸಿ ಗಂಡನ ಮನೆಗೆ ಕಳಿಸಿಕೊಡುವ ಹೊತ್ತು. ತಾಯಿ ಅಳುತ್ತಾಳೆ, ಮಗಳು ಅಳುತ್ತಾಳೆ, ನಿಂಗೇಗೌಡರಂಥ ನಿಂಗೇಗೌಡರೂ ಟವಲಿನಲ್ಲಿ ಮೂಗು ಒರೆಸುತ್ತಿದ್ದಾರೆ. ಜವರನಿಗೆ ಹೋದ ಜೀವ ಬಂತು. ಮಕ್ಕಳನ್ನು ಸಾಲು ಕಟ್ಟಿಕೊಂಡು ನುಗ್ಗಿದ.

"ಅಳಬ್ಯಾಡಿ, ಅಳಬ್ಯಾಡಿ! ತಟ್ರೀ ಚಪ್ಪಾಳೆ! ಅಗೋ ಕಾಗೆ!"

ಮಕ್ಕಳು ತಟ್ಟಿದವು. ಕಾಗೆ ಹಾರಿತು. ಅಳು ನಿಲ್ಲಲಿಲ್ಲ.

"ಅಗೋ ಎಮ್ಮೆ! ಏಟ್ ದಪ್ಪಕ್ಕದೆ ನೋಡಿ ಎಮ್ಮೆ!" ಎಂದು ಬೆರಳು ಚಾಚಿದ.

ಎಮ್ಮೆಯೇನೋ ಕಾರಿನ ಹಿಂದೆ ಮೇಯುತ್ತಿತ್ತು. ಕಾರಿನ ಮುಂದೆ ಗಂಡಿನ ತಾಯಿ ನಿಂತಿದ್ದರು.

ಅಳು ನಿಂತಿತು. ಜಗಳ ಶುರುವಾಯಿತು. ಬೀಗರ ಕೈಕಾಲು ಹಿಡಿದು ಸಮಾಧಾನ ಮಾಡುವಷ್ಟರಲ್ಲಿ ನಿಂಗೇಗೌಡರ ಟವಲು ಹಿಂಡುವಂತಾಗಿತ್ತು.

"ಅಯ್ಯೋ ನನ್ ಹೊಟ್ಟೇಲಿ ಹುಟ್ಟಿದ ಬೀಸೋ ಕಲ್ಲೇ! ಕಂಡೋರ ವಿಷಯಕ್ಕೆ ಯಾಕ್ಲಾ ಕೈ ಹಾಕ್ದೆ? ಬಾಲವಾಡೀಲಿ ಮಕ್ಕಳ ಕೆಲಸಕ್ಕೇ ನಾವು ಕೈ ಹಾಕಲ್ಲ! ಚೆಲ್ಲಲಿ, ಬೀಳಲಿ, ಔರೇ ಮಾಡಿ ಕಲೀಬೇಕು. ನೀನು ಕೈ ಕಟ್ಕಂಡು ನಿಂತು, 'ಭಲೇ, ನಿನ್ ಕೈಲಾಯ್ತದೆ' ಅನ್ನು, ಆಟೇಯ!"

"ಸರಿ ಕಣವ್ವ, ಹಂಗೇ ಮಾಡ್ತೀನಿ!"

ಹಂಗೇ ಮಾಡಿದ. ಎಡಗಾಲ ಚಪ್ಪಲಿ ಬಲಗಾಲಿಗೆ ಹಾಕಿದವನಿಗೆ "ಭಲೇ!" ಅಂಗಿ ತಲೆಕೆಳಗಾಗಿ ತೊಟ್ಟವಳಿಗೆ "ಭಲೇ!" ಮಕ್ಕಳೂ ಎದೆಯುಬ್ಬಿಸಿ ನಡೆದವು. ಸಂಜೆ ಮೊಮ್ಮಗ ಸೋಮುವನ್ನು ಕರೆದೊಯ್ಯಲು ಪುಟ್ಟೀರಜ್ಜಿ ಬಂದಳು. ಕಣ್ಣು ಮಂಜು, ಕಿವಿ ಮಂದ, ಬಾಯಿ ಮಾತ್ರ ಚುರುಕು.

"ಎಲ್ಲವ್ನ್ಲಾ ನನ್ ಕೂಸು?" ಎಂದು ಮಕ್ಕಳ ತಲೆ ತಡವುತ್ತ ಬಂದಳು. ಸೋಮುವಿನ ತಲೆ ದಾಟಿದಳು. ಚೌಡಪ್ಪನ ಮಗಳು ಗೌರಿಯ ರಟ್ಟೆ ಹಿಡಿದಳು.

ಜವರ ಕೈ ಕಟ್ಟಿ ನಿಂತ. "ಭಲೇ ಅಜ್ಜಿ! ನಿನ್ ಕೈಲಾಯ್ತದೆ!"

"ನಾನು ಸೋಮು ಅಲ್ಲಾ!" ಎಂದು ಗೌರಿ ಕಿರುಚಿತು.

"ಯಾಕ್ಲಾ ಗಂಟಲು ಕಟ್ಕಂಡದೆ? ಮನೇಗೋಗಿ ಕಷಾಯ ಕುಡ್ಯುವಂತೆ ಬಾ" ಎಂದು ಅಜ್ಜಿ ಎತ್ತಿ ಸೊಂಟಕ್ಕೆ ಹಾಕಿಕೊಂಡು ಹೊರಟೇಹೋದಳು.

"ಭಲೇ, ಭಲೇ!"

ಆಮೇಲೆ ಚೌಡಪ್ಪ ಬಂದ. ಗೌರಿ ಇಲ್ಲ! "ಎಲ್ಲಿ?" ಎಂದರೆ ಜವರ "ಅಜ್ಜಿ ಕೈಲಾಯ್ತು" ಎನ್ನುತ್ತಾನೆ. ಯಾವ ಅಜ್ಜಿ, ಏನಾಯ್ತು, ಚೌಡಪ್ಪನಿಗೆ ಕೇಳುವ ತಾಳ್ಮೆಯೆಲ್ಲಿ? ಬಾವಿ ಇಣುಕಿದರು, ನಾಲೆಗೆ ಓಡಿದರು. ಗೌರಿಯ ತಾಯಿ ಕೂಗಿದ ಕೂಗು ಕೆಂಪಾಜಮ್ಮನ ಮಂಚದವರೆಗೂ ಕೇಳಿಸಿತು. ಕೊನೆಗೆ ನೋಡಿದರೆ ಗೌರಿ ಪುಟ್ಟೀರಜ್ಜಿಯ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಬೆಲ್ಲ ತಿನ್ನುತ್ತ ಕೂತಿತ್ತು. ಚೌಡಪ್ಪ ಮಗಳನ್ನು ತಬ್ಬಿಕೊಂಡು ಗಳಗಳ ಅತ್ತ.

ಆ ದಿನ ಕೆಂಪಾಜಮ್ಮನಿಗೆ ಬೀಸುವ ಕಲ್ಲು ನೆನಪಾಗಲಿಲ್ಲ. ಮಗನನ್ನು ಹತ್ತಿರ ಕರೆದು ಕಿವಿ ಹಿಡಿದಳು.

"ಬ್ಯಾರೆಲ್ಲ ಮರ್ತ್ರೂ ಇದೊಂದು ಮರೀಬ್ಯಾಡ ಕಣ್ಲಾ. ಬಾಲವಾಡಿ ಒಳಕ್ಕೆ ಯಾರು ತಂದು ಬಿಟ್ರೋ ಔರ ಕೈಗೇ ಒಪ್ಪಿಸ್ಬೇಕು. ಗೌಡ ಬಂದ್ರೂ ಕೊಡ್ಬ್ಯಾಡ, ದೇವರೇ ಬಂದ್ರೂ ಕೊಡ್ಬ್ಯಾಡ. ಇವತ್ತು ಉಂಡ್ತಾ, ಅತ್ತಾ, ಅದನ್ನೂ ಹೇಳಿ ಒಪ್ಪಿಸು."

"ಸರಿ ಕಣವ್ವ," ಎಂದ ಜವರ, ಕಿವಿ ಉಜ್ಜಿಕೊಂಡು. "ಹಂಗೇ ಮಾಡ್ತೀನಿ."

ಮರುದಿನವೇ ಜೀಪು ಬಂತು. ಹುರಿಮೀಸೆಯ ಡ್ರೈವರು ರಾಚಪ್ಪ ಮೇಲ್ವಿಚಾರಕಿ ವಿಮಲಾಕ್ಷಮ್ಮನನ್ನು ಬಾಗಿಲಲ್ಲಿ ಇಳಿಸಿ, ಜೀಪು ಕೆಮ್ಮುತ್ತಿದೆಯೆಂದು ರಿಪೇರಿಗೆ ಕೊಂಡುಹೋದ. ಜವರ ಅವನ ಮೀಸೆಯನ್ನು ಚೆನ್ನಾಗಿ ನೋಡಿಕೊಂಡ.

ವಿಮಲಾಕ್ಷಮ್ಮ ಉಪ್ಪಿಟ್ಟು ತಿಂದು ನೋಡಿದರು, ಆಟದ ಸಾಮಾನು ನೋಡಿದರು, ಜವರನನ್ನು ನೋಡಿದರು. ಮುಖ ಗಂಟಾಯಿತು. ಮರ ಹತ್ತಿದ ಕತೆ, ಎಮ್ಮೆಯ ಕತೆ ಅವರ ಕಿವಿಗೆ ಮೊದಲೇ ಬಿದ್ದಿತ್ತು.

"ಟೀಚರ್ ಇಲ್ಲ, ಇದ್ದೋನು ಹೀಗೆ. ಇದನ್ನ ಮುಚ್ಚೋದೇ ವಾಸಿ!" ಎಂದು ಸಾಕಮ್ಮನಿಗೆ ಹೇಳಿ ಚೀಲ ಹೆಗಲಿಗೇರಿಸಿದರು. ಸಾಕಮ್ಮ ಸೌಟು ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು.

ಜೀಪು ಕೆಟ್ಟಿದ್ದರಿಂದ ಅವರನ್ನು ಕರೆದೊಯ್ಯಲು ಆಫೀಸಿನ ಗುಮಾಸ್ತ ಬೈಕಿನಲ್ಲಿ ಬಂದಿದ್ದ. ಜವರ ಬಾಗಿಲಿಗೆ ಅಡ್ಡ ಕೂತ.

"ಇವರ್ನ ಬಿಡಾಕಾಗಕಿಲ್ಲ. ತಂದು ಬಿಟ್ಟೋನು ನೀನಲ್ಲ."

"ನಾನು ಆಫೀಸಿನವನು ಕಣಯ್ಯಾ!"

"ಬಿಟ್ಟೋನಿಗೆ ಮೀಸೆ ಇತ್ತು. ನಿಂಗಿಲ್ಲ."

ಗುಮಾಸ್ತ ಗುರುತಿನ ಚೀಟಿ ತೆಗೆದು ತೋರಿಸಿದ. ಜವರ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದ್ರಲ್ಲೂ ಮೀಸೆ ಇಲ್ಲ."

ವಿಮಲಾಕ್ಷಮ್ಮ ಕೆಂಡವಾದರು. "ಏಯ್, ನಾನು ಯಾರು ಗೊತ್ತಾ? ನಿಮ್ಮಮ್ಮನ ಮೇಲಧಿಕಾರಿ!"

"ಹಟ ಮಾಡಬಾರ್ದು ಕಣಮ್ಮ," ಎಂದ ಜವರ ಮೆತ್ತಗೆ. "ಬತ್ತಾರೆ, ಬತ್ತಾರೆ. ನಿಮ್ಮೋರು ಬಂದೇ ಬತ್ತಾರೆ."

ಸಂಜೆಯಾಯಿತು. ಮಕ್ಕಳು ಒಂದೊಂದಾಗಿ ಹೊರಟವು. ಪುಟ್ಟೀರಜ್ಜಿ ಬಂದಾಗ ಜವರ ಅವಳ ಕೈಯನ್ನು ಸೋಮುವಿನ ತಲೆಯ ಮೇಲೇ ಇಟ್ಟ. ಚೌಡಪ್ಪ ತಾನು ಬಿಟ್ಟ ಗೌರಿಯನ್ನು ತಾನೇ ಎತ್ತಿಕೊಂಡ. ನಿಂಗೇಗೌಡರು ಖುದ್ದು ಬಂದು, "ಅಣ್ಣನ ಮಗಳನ್ನ ಕಳಿಸ್ಲಾ, ನಾನೇ ಕರ್ಕೊಂಡೋಗ್ತೀನಿ" ಎಂದು ಗದರಿದರು. ಜವರ ಅಲುಗಲಿಲ್ಲ. ಬಿಟ್ಟಿದ್ದ ತಾಯಿಯೇ ಓಡಿಬಂದಳು. ವಿಮಲಾಕ್ಷಮ್ಮ ಪುಟ್ಟ ಕುರ್ಚಿಯಲ್ಲಿ ಮಂಡಿ ಗದ್ದಕ್ಕೆ ತಾಗಿಸಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಬೈಯುವುದನ್ನು ಯಾವಾಗ ನಿಲ್ಲಿಸಿದರೋ ಅವರಿಗೇ ಗೊತ್ತಾಗಲಿಲ್ಲ.

ಸುದ್ದಿ ಕೇಳಿ ಕೆಂಪಾಜಮ್ಮ ಕೋಲೂರಿ ಕುಂಟುತ್ತ ಬಂದಳು. "ಬಿಡ್ಲಾ ಔರ್ನ! ಮನೆ ಹಾಳ್ ಮಾಡ್ದಲ್ಲೋ!"

"ಅವ್ವಾ, ನೀನೂ ಬಿಟ್ಟೋಳಲ್ಲ! ದೇವರೇ ಬಂದ್ರೂ ಕೊಡ್ಬ್ಯಾಡ ಅಂದೋಳು ನೀನೇಯ!"

ಕೆಂಪಾಜಮ್ಮ ಅಲ್ಲೇ ಕುಸಿದಳು. ಮುಗಿಯಿತು, ಬಾಲವಾಡಿ ಹೋಯಿತು, ಕೂಸುಗಳು ಲಾರಿಗಳ ಬಾಯಿಗೆ ಬಿದ್ದವು ಎಂದು ಬಿಕ್ಕಿಬಿಕ್ಕಿ ಅತ್ತಳು.

ದೀಪ ಹಚ್ಚುವ ಹೊತ್ತಿಗೆ ರಾಚಪ್ಪ ಯಾವುದೋ ಲಾರಿ ಹತ್ತಿ ಬಂದಿಳಿದ. ಜವರ ಮೀಸೆ ನೋಡಿದ, ಎದ್ದು ದಾರಿ ಬಿಟ್ಟ. ವಿಮಲಾಕ್ಷಮ್ಮನ ಕೈ ಹಿಡಿದು ತಂದು ರಾಚಪ್ಪನ ಕೈಯಲ್ಲಿಟ್ಟ.

"ಇವತ್ತು ಅಳ್ಲಿಲ್ಲ. ಉಪ್ಪಿಟ್ಟು ಪೂರ್ತಿ ತಿಂದವ್ರೆ. ಮಧ್ಯಾಹ್ನದ ಮ್ಯಾಲೆ ಒಸಿ ಹಟ ಮಾಡಿದ್ರು, ಆಟೇಯ. ಜ್ವಾಪಾನ."

ರಾಚಪ್ಪ ಮೇಡಮ್ಮಿನ ಮುಖ ನೋಡಲಾರದೆ ಆಕಾಶ ನೋಡಿದ. ವಿಮಲಾಕ್ಷಮ್ಮ ಹಲ್ಲು ಕಚ್ಚಿದರು. ತಡೆಯಲಾಗಲಿಲ್ಲ, ಪಕ್ಕೆ ಹಿಡಿದುಕೊಂಡು ನಕ್ಕರು.

"ಕೆಂಪಾಜಮ್ಮ, ಏಳಿ," ಎಂದರು ಆಮೇಲೆ. "ಯಾರೋ ಬಂದು ನಾನು ಚಿಕ್ಕಪ್ಪ ಅಂದ್ರೆ ಮಗು ಕೊಟ್ಟು ಕಳಿಸೋ ಕಡೆ ಎಷ್ಟೋ ನೋಡಿದ್ದೀನಿ. ಇಲ್ಲಿ ನನ್ನನ್ನೇ ಬಿಡಲಿಲ್ಲ. ಈ ಬಾಲವಾಡಿ ಇಲ್ಲೇ ಇರ್ಲಿ, ಮುಚ್ಚಲ್ಲ. ಆದ್ರೆ ನಾಳೆಯಿಂದ ನೀವೇ ಬರಬೇಕು. ಇವನು ಹೊತ್ಕೊಂಡಾದ್ರೂ ತರಲಿ. ಆಮೇಲೆ ಇವನು ಮಾತ್ರ ಈ ಬಾಗಿಲು ದಾಟಕೂಡದು!"

"ಸರಿ ಕಣಮ್ಮ, ಹಂಗೇ ಮಾಡ್ತೀನಿ!" ಎಂದ ಜವರ.

ಬೆಳಗಾಯಿತು. ಜವರ ಅವ್ವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟ. ಬಾಲವಾಡಿಯ ಬಾಗಿಲವರೆಗೂ ಬಂದ. ನಿಂತ. ಬಾಗಿಲು ದಾಟುವಂತಿಲ್ಲ! ಗೋಡೆ ಸುತ್ತಿ ಹಿಂದಕ್ಕೆ ಹೋದ. ಅಲ್ಲಿ ಸರಳಿಲ್ಲದ ಕಿಟಕಿಯೊಂದು ತೆರೆದಿತ್ತು. "ಬ್ಯಾಡ ಕಣ್ಲಾ! ಇಳಿಸ್ಲಾ! ನಾನೇ ನಡ್ಕಂಡು ಹೋಯ್ತೀನಿ ಕಣ್ಲಾ!" ಎಂದು ಕೆಂಪಾಜಮ್ಮ ಕೂಗುತ್ತಿದ್ದಂತೆ, ಕಟ್ಟು ಹಾಕಿದ ಕಾಲು ಮೊದಲು, ತಲೆ ಆಮೇಲೆ, ಅವಳನ್ನು ಕಿಟಕಿಯೊಳಕ್ಕೆ ತೂರಿಸಿದ. ಒಳಗಿಂದ ಸಾಕಮ್ಮ ಹಿಡಿದುಕೊಂಡಳು. ಮಕ್ಕಳು ಕೇಕೆ ಹಾಕಿದವು.

ಕೆಂಪಾಜಮ್ಮ ಸೆರಗು ಸರಿಮಾಡಿಕೊಂಡು, ಇದ್ದಬದ್ದ ಬೈಗುಳವನ್ನೆಲ್ಲ ಒಟ್ಟುಮಾಡಿ ಬಾಯಿ ತೆರೆದಳು. ಅಷ್ಟರಲ್ಲಿ ಜವರ ಕಿಟಕಿಯಲ್ಲಿ ತಲೆ ಹಾಕಿದ. ಅವಳ ಕೆನ್ನೆ ಸವರಿದ.

"ಅಳಬ್ಯಾಡ ಕಣವ್ವ. ಸಂಜಿಗೆ ನಾನೇ ಬತ್ತೀನಿ. ಬ್ಯಾರೆ ಯಾರು ಕರುದ್ರೂ ಹೋಗಬ್ಯಾಡ!"