ಕತ್ತು ಸೀಳಿದ ತೋಟಾ

ಗುಂಡು ಕೂರುವ ಕತ್ತನ್ನು ಕಾಯಿಸಿ ಮೆತ್ತಗೆ ಮಾಡದೆಯೇ ಹೊಸ ಹಿತ್ತಾಳೆ ತೋಟಾವನ್ನು ಹಳೆಯ ಕೋವಿಗೆ ತುಂಬಿ ಹೊಡೆದದ್ದು ಗುರಿಕಾರ ಉತ್ತಯ್ಯನ ತಪ್ಪು. ಮೊದಲ ಹೊಡೆತದ ಬೆಂಕಿಯಲ್ಲಿ ಹಿಗ್ಗಿ, ತೋಟಾ ಕೂರುವ ಕೋವಿಯ ಗೂಡಿಗೆ ಒಪ್ಪುವ ಮೈ ಪಡೆಯಬೇಕಿದ್ದ ತೋಟಾ, ಕತ್ತು ಸೀಳಿ ನೆಲಕ್ಕೆ ಬಿತ್ತು.

"ಅಕ್ಕಾ, ಇನ್ನೊಮ್ಮೆ ಒಳಗೆ ಕರೆದುಕೋ. ನಿನ್ನ ಅಳತೆಗೆ ಬರಬೇಕೆಂಬುದೊಂದೇ ನನ್ನ ಆಸೆಯಾಗಿತ್ತು," ಎಂದು ಅದು ಕೋವಿಯನ್ನು ಬೇಡಿತು.

"ಸೀಳಿದವಳನ್ನು ಸೇರಿಸಿಕೊಳ್ಳಲಾರೆ, ತಂಗೀ," ಎಂದಿತು ಕೋವಿ. "ನಿನ್ನ ಮೈಯ ಬಿಸಿ ಮಾತ್ರ ನನ್ನಲ್ಲಿ ಉಳಿದಿದೆ."

"ದರಿದ್ರ ಹಿತ್ತಾಳೆ!" ಎಂದು ಬೈದ ಉತ್ತಯ್ಯ ಅದನ್ನು ಕಸಕ್ಕೆ ಒದ್ದು, ಕಾಯಿಸದ ಇನ್ನೊಂದು ತೋಟಾವನ್ನು ಕೈಗೆತ್ತಿಕೊಂಡ.

ಕಸದೊಳಗಿನ ತೋಟಾ ಈಗ ತನಗಾಗಿ ಬೇಡಲಿಲ್ಲ. "ಅಯ್ಯಾ, ನಿನ್ನ ಕೈಯಲ್ಲಿರುವವಳ ಕತ್ತನ್ನಾದರೂ ಮೊದಲು ಕಾಯಿಸು!" ಎಂದು ಕೂಗಿತು.

ಉತ್ತಯ್ಯನಿಗೆ ಅದು ಕೇಳಲಿಲ್ಲ. ನಿಮಗೆ ಕೇಳಿತಲ್ಲ, ಹೋಗಿ ತೋಟಾ ತುಂಬುವ ಆ ಕೈಯನ್ನು ಹಿಡಿದು ತಡೆಯಿರಿ.